ಬೆಟ್ಟಪ್ಪನ ಪಾಲು

"ಬಾಯಿ ತೆಗಿಯೇ, ಮುಂಡೆ!"

ಮೇಸ್ತ್ರಿ ಬೆಂತುರಾ ಎರಡು ಬೆರಳು ತೂರಿಸಿ ರೊಸೆಂದಾಳ ನಾಲಿಗೆಯಡಿಯಿಂದ ಕೋಕೋ ಬೀಜ ಕಿತ್ತು ತೆಗೆದ. ಚಾವಟಿಯ ಹಿಡಿಯಿಂದ ಅದೇ ಬಾಯಿಗೆ ಗುದ್ದಿದ. ಅವಳು ಕೋಕೋ ಒಣಗಿಸುವ ಕಣದ ಬಾಗಿಲಲ್ಲೇ ಕುಸಿದಳು.

"ನಿನ್ನ ಗಂಡನೂ ಇದಕ್ಕೇ ಸತ್ತ. ಇನ್ನೂ ಬುದ್ಧಿ ಬರ್ಲಿಲ್ವಾ?"

ಸಬಿನೊ ನಿನ್ನೆ ಸತ್ತಿದ್ದ. ಮೆಕ್ಕೆಜೋಳ ಬಿತ್ತುವ ಮುಂಚೆ, ಬೆಟ್ಟ-ನೆಲದ ದೇವರು ಬೆಟ್ಟಪ್ಪನಿಗೆ ಎಡೆಯಿಡಲು ಒಂದು ಹಿಡಿ ಕೋಕೋ ಎತ್ತಿಕೊಂಡಿದ್ದ. ತೋಟದ ಧಣಿ ಕಂಬಕ್ಕೆ ಕಟ್ಟಿಸಿ, ಉಸಿರು ಹೋಗುವ ತನಕ ಹೊಡೆಸಿದ್ದ. ಧಣಿಯ ಅಪ್ಪ ಹಡಗಿಳಿದು ಈ ವೆರಾಪಾಜ್ ಸೀಮೆಗೆ ಬರುವ ಮೊದಲೇ ಮಾಯಾ ಕುಲದ ಇವರ ಅಜ್ಜಂದಿರು ನೆಟ್ಟ ಕೋಕೋ ಮರಗಳವು. ಈಗ ಹೆಣಕ್ಕೂ ಒಂದು ಗುಟುಕು ಇಲ್ಲ. ಕೋಕೋ ಕುಡಿಯದೆ ಹೊರಟವನಿಗೆ ದಾರಿ ಸಿಗುವುದಿಲ್ಲ, ಗುಡಿಸಲ ಸುತ್ತಲೇ ಅಲೆಯುತ್ತಾನೆ. ರೊಸೆಂದಾ ನಾಲಿಗೆಯಡಿ ಬೀಜ ಅಡಗಿಸಿದ್ದು ಅದಕ್ಕೇ.

ಸ್ವಲ್ಪ ಹೊತ್ತಿಗೆ ಧಣಿ ಮೂಗಿಗೆ ಕರವಸ್ತ್ರ ಹಿಡಿದು, ಬಂದೂಕಿನ ಸಮೇತ ಹೆಣವಿದ್ದ ಗುಡಿಸಲಿಗೇ ಬಂದ.

"ನಾರ್ತಾ ಇದೆ. ಹೂಳ್ರೋ ಇದನ್ನ!"

"ಒಂದು ಬೊಗಸೆ ಕೋಕೋ ಕೊಡಿ ಧಣಿ," ಎಂದಳು ರೊಸೆಂದಾ, ತುಟಿಯ ರಕ್ತ ಒರೆಸಿಕೊಳ್ಳುತ್ತಾ. "ಇವನಿಗೆ ಕುಡಿಸ್ಬೇಕು. ಬೆಟ್ಟಪ್ಪನಿಗೂ ಉಣಿಸ್ಬೇಕು."

"ಹಡಗಿಗೆ ಹೋಗೋ ಮಾಲು ಕಣೇ ಅದು. ಹೆಣಕ್ಕೆ ಬೇಕಾದ್ರೆ ಗಂಜಿ ಕುಡಿಸು." ಧಣಿ ನಕ್ಕ.

ಮೇಸ್ತ್ರಿ ಕೇರಿಯ ಹಿರಿಯ ಪೊಪ್‌ನ ಕೈಗೆ ಗುದ್ದಲಿ ತುರುಕಿದ. "ಅಗಿಯೋ, ಮುದಿಗೂಬೆ!"

"ಬೆಟ್ಟಪ್ಪನ ಮೈ ಕಣಪ್ಪಾ ಈ ನೆಲ. ಉಣಿಸ್ದೆ, ಕೇಳ್ದೆ ಗುದ್ದಲಿ ಹಾಕಕ್ಕಾಯ್ತದಾ?"

ಮೇಸ್ತ್ರಿ ಒದ್ದ. ಮುದುಕ ಪಕ್ಕೆ ಹಿಡಿದು ಬಿದ್ದ. ಗುದ್ದಲಿ ಇನ್ನೊಬ್ಬನ ಕೈಗೆ ಹೋಯಿತು; ಅವನೂ ಕೆಳಗಿಟ್ಟ, ಅವನಿಗೂ ಏಟು ಬಿತ್ತು.

"ನೀನೇ ಅಗಿಯೋ, ಹಾದರಕ್ಕೆ ಹುಟ್ಟಿದೋನೆ!" ರೊಸೆಂದಾ ಮೇಸ್ತ್ರಿಯ ಮುಖಕ್ಕೇ ಕೂಗಿದಳು. "ನಿಮ್ಮವ್ವ ಸತ್ತಾಗ ಕೋಕೋ ಸುರೀದೆ ಗುಂಡಿ ತೋಡಿದ್ಯಾ?"

ಬೆಂತುರಾ ಅದೇ ಕೇರಿಯಲ್ಲಿ ಹುಟ್ಟಿದವನು. ಗುದ್ದಲಿ ಎತ್ತಿದ. ಎತ್ತಿದ್ದು ಇಳಿಯಲೇ ಇಲ್ಲ.

"ಏನೋ ಬೋಳಿಮಗನೆ, ನೀನೂ ಅದೇ ಜಾತಿಯೇನೋ?" ಧಣಿ ಬಂದೂಕಿನ ಹಿಡಿಯಿಂದ ಅವನ ಕಿವಿಗೆ ಬಾರಿಸಿದ. ಮಾಡಿದ್ದುಣ್ಣೋ ಮಹರಾಯ ಅಂದಂತೆ, ಬಿದ್ದವನನ್ನು ಯಾರೂ ತಿರುಗಿ ನೋಡಲಿಲ್ಲ.

ಗಂಡಸರು ಸಬಿನೊನನ್ನು ಚಾಪೆ ಸಮೇತ ಹೊತ್ತು ಕಣಕ್ಕೆ ನಡೆದರು. ಪೊಪ್ ಕುಂಟುತ್ತಾ ಮುಂದೆ ಹೋದ. ಒಣಗಲು ಹರಡಿದ್ದ ಕೋಕೋದ ಮೇಲೆಯೇ ಹೆಣ ಮಲಗಿಸಿದರು. ಹೆಂಗಸರು ಅರೆಯುವ ಕಲ್ಲು ತಂದು ಸುತ್ತ ಕೂತರು. ಹುರಿಯುವ ವ್ಯವಧಾನ ಯಾರಿಗಿತ್ತು? ರೊಸೆಂದಾ ಧಣಿಯ ಬೀಜ ಬಾಚಿ ಹಾಗೆಯೇ ಅರೆಯತೊಡಗಿದಳು.

"ಏಳ್ರೇ ಲೌಡೀರಾ! ಸುಟ್ಟುಬಿಡ್ತೀನಿ!" ಹಿಂದೆಯೇ ಬಂದ ಧಣಿ ಬಂದೂಕು ಎತ್ತಿದ.

ಕಲ್ಲಿನ ಸದ್ದು ನಿಲ್ಲಲಿಲ್ಲ. ಧಣಿಯ ಮೊದಲ ಗುಂಡು ಗಾಳಿಗೆ ಹೋಯಿತು. ಎರಡನೆಯದು ಪೊಪ್‌ನ ಎದೆಗೆ ಬಿತ್ತು. ಅವನು ಬೀಜಗಳ ಮೇಲೇ ಉರುಳಿದ. ಹೆಂಗಸರು ಕಿರುಚಿದರು. ರೊಸೆಂದಾ ಇನ್ನೊಂದು ಬೊಗಸೆ ಬಾಚಿ ಕಲ್ಲಿಗೆ ಸುರಿದಳು.

"ತಾತನಿಗೂ ಸೇರ್ಸಿ ಅರೀರೇ," ಎಂದಳು.