ಜೈಲಿಗ್ಯಾಕೆ ಚಿಮಣಿ?

ಕುಳ್ಳಮ್ಮನ ಬ್ಯಾರನ್ನು ಒಂದೇ ಒಂದು ದಿನ ಜೈಲಾಗಿತ್ತು. ಆ ಒಂದು ದಿನ ಅವಳ ಎರಡು ವರ್ಷವನ್ನು ತಿಂದು ಹಾಕಿತ್ತು.

ಗಾವಡಗೆರೆ ಕಡೆ ಹೊಗೆಸೊಪ್ಪು ಬೆಳೆಯುವವರ ಹೊಲಗಳಲ್ಲೆಲ್ಲ ಸೊಪ್ಪು ಒಣಗಿಸುವ ಅಂಥ ಬ್ಯಾರನ್ನುಗಳಿವೆ. ಕಿಟಕಿಯಿಲ್ಲದ ಎತ್ತರದ ಗೋಡೆ, ಒಂದು ಬಾಗಿಲು, ಹಿಂಬದಿಗೆ ಸೌದೆ ಒಲೆ, ಮೇಲೊಂದು ಚಿಮಣಿ. ಒಳಗೆ ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಸಾಲುಸಾಲಾಗಿ ತೂಗುಹಾಕಿ ಐದಾರು ದಿನ ಬಿಡದೆ ಬೆಂಕಿ ಕೊಡಬೇಕು. ಮೊದಲು ಎಲೆ ಹಳದಿಗೆ ತಿರುಗುತ್ತದೆ, ಆಮೇಲೆ ಒಣಗುತ್ತದೆ, ಕಡೆಗೆ ದಂಟು. ಆ ದಂಟು ಒಣಗುವ ಹೊತ್ತಿನಲ್ಲಿ ಶಾಖ ಇಳಿಯಿತೋ, ದಂಟಿನೊಳಗಿನ ನೀರು ಎಲೆಗೆ ಹರಿದು ಚಿನ್ನದ ಬಣ್ಣದ ಸೊಪ್ಪಿನ ನಡುವೆ ಕಪ್ಪು ಪಟ್ಟೆ ಬೀಳುತ್ತದೆ. ಬೆಂಕಿ ನೋಡಿಕೊಳ್ಳುವವರು ಗೋಡೆಯ ಚಿಕ್ಕ ಗಾಜಿನಿಂದ ಒಳಗಿನ ಥರ್ಮಾಮೀಟರ್ ನೋಡುತ್ತಲೇ ಇರಬೇಕು.

ಊರಿನಲ್ಲಿ ಕುಳ್ಳಮ್ಮನಂತೆ ಬೆಂಕಿ ನೋಡುವವರು ಇನ್ನೊಬ್ಬರಿರಲಿಲ್ಲ. ಚಿಮಣಿಯ ಹೊಗೆ ನೋಡಿ ಒಲೆಯಲ್ಲಿ ಎಷ್ಟು ಸೌದೆ ಇದೆಯೆಂದು ಹೇಳುತ್ತಿದ್ದಳು. ಪಕ್ಕದ ಹೊಲದ ಚಲುವಯ್ಯ ತನ್ನ ಬ್ಯಾರನ್ನು ತುಂಬಿದಾಗಲೆಲ್ಲ "ಕುಳ್ಳಕ್ಕ, ಒಂಚೂರು ಬಂದೋಗು" ಎಂದು ಕರೆಯುತ್ತಿದ್ದ.

ಆಮೇಲೆ ಸಿನಿಮಾದವರು ಬಂದರು. ಬ್ಯಾರನ್ನು ನೋಡಿ, "ಇದೇ ನಮ್ಮ ಬ್ರಿಟಿಷರ ಕಾಲದ ಜೈಲು" ಎಂದರು. ಒಳಗೆ ಸೊಪ್ಪು ಐದನೇ ದಿನದ ಶಾಖದಲ್ಲಿತ್ತು. "ಇರಲಿ, ಹೊರಗಡೆ ಮಾತ್ರ ಶೂಟಿಂಗು" ಎಂದರು. ಕುಳ್ಳಮ್ಮನ ಗಂಡ ಕರಿಯಪ್ಪ ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ. ಅವನ ತಲೆಗೊಂದು ಕಿತ್ತಳೆ ಟೋಪಿ ಇಟ್ಟು "ನೀವೇ ನಮ್ಮ ಲೊಕೇಶನ್ ಓನರ್ರು ಸಾರ್" ಎಂದಿದ್ದರು. ಹುಟ್ಟಿದ ಮೇಲೆ ಅವನನ್ನು ಯಾರೂ ಸಾರ್ ಎಂದಿರಲಿಲ್ಲ.

ಅಂದು ಹನ್ನೊಂದು ಗಂಟೆಗೆ ಶಾಖ ಇಳಿಯಿತು. ಯಾಕೆ ಇಳಿಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಕುಳ್ಳಮ್ಮ ಒಲೆಯ ಕಡೆ ಓಡಿದರೆ ಅಡ್ಡಕ್ಕೆ ಹಗ್ಗ. "ಶಾಟ್ ನಡೀತಿದೆ, ಈ ಕಡೆ ಬರಬೇಡಿ ಅಮ್ಮ" ಎಂದು ವಾಕಿಟಾಕಿ ಹಿಡಿದವನೊಬ್ಬ ತಡೆದ. ಅವರು ಬಿಟ್ಟ ಮೇಲೆ ಹೋಗಿ ನೋಡಿದರೆ ಒಲೆಯಲ್ಲಿ ಸೌದೆ ಉರಿಯುತ್ತಲೇ ಇದೆ! ಬ್ಯಾರನ್ನು ಬಿಚ್ಚಿದಾಗ ಮಾತ್ರ ಸೊಪ್ಪಿನ ತುಂಬ ಕಪ್ಪು ಪಟ್ಟೆ.

"ರಾತ್ರಿಯೆಲ್ಲ ಎದ್ದಿದ್ಲಲ್ಲ, ಬೆಳಿಗ್ಗೆ ತೂಕಡಿಸವ್ಳೆ" ಎಂದ ಕರಿಯಪ್ಪ. ಚಲುವಯ್ಯನ ಕೊಟ್ಟಿಗೆಯಲ್ಲಿ ಸೊಪ್ಪು ಕಟ್ಟುತ್ತಿದ್ದ ಹತ್ತು ಜನರ ಮುಂದೆಯೇ ಎಂದ. ಗಂಡಸು ತೂಕಡಿಸಿದ್ದರೆ ಪಾಪ ದಣಿದಿದ್ದ ಅನ್ನುತ್ತಿದ್ದರು. ಹೆಂಗಸು ತೂಕಡಿಸಿದಳೆಂಬ ಸುದ್ದಿ ಎರಡು ವರ್ಷ ಊರಿನಲ್ಲಿ ಕಾಲು ಚಾಚಿ ಕೂತಿತು. ಬೆಂಕಿಯ ಕೆಲಸ ಕೂಲಿಯವನ ಕೈಗೆ ಹೋಯಿತು. ಚಲುವಯ್ಯ ಕರೆಯುವುದನ್ನು ಬಿಟ್ಟ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಕೇಳಿ ಕೇಳಿ ಕುಳ್ಳಮ್ಮನಿಗೇ ಅನುಮಾನ ಹತ್ತಿತ್ತು. ಒಂದು ಗಳಿಗೆ ಕಣ್ಣು ಮುಚ್ಚಿದ್ದೆನೇನೋ? ನೆನಪೇ ಇಲ್ಲವೇನೋ?

ಸಿನಿಮಾ ಬಂತು, ಓಡಿತು. ಕರಿಯಪ್ಪ ಹುಣಸೂರಿಗೆ ಹೋಗಿ ಮೂರು ಸಲ ನೋಡಿ ಬಂದ. ಕುಳ್ಳಮ್ಮ ಅದರ ಪೋಸ್ಟರ್ ಕಂಡರೂ ಮುಖ ತಿರುಗಿಸುತ್ತಿದ್ದಳು.

ಅದನ್ನು ಮನೆಯೊಳಗೆ ತಂದವಳು ಸೊಸೆ ಪವಿತ್ರ. ಅವಳದು ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆ, ಭತ್ತದ ಸೀಮೆ. ಹೊಗೆಸೊಪ್ಪಿನ ಗಂಧಗಾಳಿ ಇಲ್ಲ. ಮದುವೆಯಾಗಿ ಬಂದು ಎಂಟು ತಿಂಗಳಾಗಿತ್ತು. ಸಿನಿಮಾ ನೋಡುವುದರಲ್ಲಿ ಮಾತ್ರ ಅವಳು ಪೊಲೀಸರ ಥರ. ಮೊದಲ ಸೀನಿನಲ್ಲಿ ಎಡಗೈಯಲ್ಲಿದ್ದ ವಾಚು ಮುಂದಿನ ಸೀನಿಗೆ ಬಲಗೈಗೆ ಹೋದರೆ ಅವಳಿಗೆ ಊಟ ಸೇರದು. ಅವಳಂಥವರೇ ಸೇರಿ ಫೋನಿನಲ್ಲೊಂದು ಗುಂಪು ಮಾಡಿಕೊಂಡು ಸಿನಿಮಾಗಳಲ್ಲಿ ಅರ್ಥವಾಗದ ಚಿಲ್ಲರೆ ಸಂಗತಿಗಳನ್ನೆಲ್ಲ ಹಿಡಿದು ಕಿತ್ತಾಡುತ್ತಿದ್ದರು.

ಒಂದು ಮಧ್ಯಾಹ್ನ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಪವಿತ್ರ ಚೀರಿದಳು.

"ಅತ್ತೆ! ಇದು ನೀವಲ್ವಾ?"

ಫೋನಿನಲ್ಲಿ ಕನ್ನಡಕದ ಮನುಷ್ಯನೊಬ್ಬ ದನಿ ತಗ್ಗಿಸಿ ಮಾತಾಡುತ್ತಿದ್ದ. ಅವನ ಹಿಂದೆ ಸಿನಿಮಾದ ಚಿತ್ರ: ಜೈಲಿನ ಮುಂದೆ ನಿಂತು ಹೀರೋ ತನ್ನಪ್ಪ ಇಲ್ಲೇ ಸತ್ತನೆಂದು ಗುಡುಗುತ್ತಿದ್ದಾನೆ. ಅವನ ಬೆನ್ನ ಹಿಂದೆ ಹಸಿರು ಸೀರೆಯ ಹೆಂಗಸೊಬ್ಬಳು ಬಂದು, ಗೋಡೆಯ ಚಿಕ್ಕ ಗಾಜಿನೊಳಗೆ ಇಣುಕಿ, ತಲೆಯನ್ನು ಅತ್ತಿತ್ತ ಆಡಿಸಿ ಹೋಗಿಬಿಡುತ್ತಾಳೆ. ಯಾರವಳು? ಏನು ಕಂಡಳು? ಯಾಕೆ ತಲೆಯಾಡಿಸಿದಳು? ಸಿನಿಮಾ ಮುಗಿದರೂ ಉತ್ತರವಿಲ್ಲ.

"ಇದಕ್ಕೆ ನಾಲ್ಕು ಸಾವಿರ ಜನ ಬರ್ದವ್ರೆ ಅತ್ತೆ" ಎಂದಳು ಪವಿತ್ರ, ಕಣ್ಣರಳಿಸಿ. "ಒಬ್ರು ನೀವು ಹೀರೋನ ಸತ್ತೋದ ತಾಯಿ ಆತ್ಮ ಅಂತಾರೆ. ಇನ್ನೊಬ್ರು ಗ್ರಾಮದೇವತೆ ಅಂತಾರೆ. ಒಬ್ಬ ಅಂತೂ ಎರಡನೇ ಭಾಗದಲ್ಲಿ ನೀವೇ ವಿಲನ್ನು ಅಂತ ಬರ್ದವ್ನೆ."

"ನಾನಾ? ಇಲನ್ನಾ?" ಕುಳ್ಳಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ಮನೆಯಲ್ಲಿ ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು. "ಆ ಸೀರೆ ಸೆರಗು ಅರಿದೈತೆ ನೋಡವ್ವ. ಸತ್ತೋರು ಅರಿದ ಸೀರೆ ಉಟ್ಕೊಂಡು ಬತ್ತಾರಾ?"

"ಏನ್ ನೋಡಿದ್ರಿ ಅತ್ತೆ, ಆ ಗಾಜಲ್ಲಿ?"

ನಗು ನಿಂತಿತು. "ಶಾಖ ಇಳೀತಿತ್ತು ಕಣವ್ವ" ಎಂದಳು. ಮತ್ತೆ ಆ ಚಿತ್ರವನ್ನೇ ನೋಡುತ್ತ, ಮೆಲ್ಲಗೆ, "ಅಂದ್ರೆ ನಾನು ಎದ್ದೇ ಇದ್ದೆ" ಎಂದಳು.

ಪವಿತ್ರ ತೂಕಡಿಕೆಯ ಕಥೆಯನ್ನು ಮಾವನ ಬಾಯಲ್ಲಿ ಕೇಳಿದ್ದಳು. ಈಗ ಅತ್ತೆಯ ಬಾಯಲ್ಲಿ ಕೇಳಿದಳು. ಕೇಳಿ ಮುಗಿದ ಮೇಲೆ ಅವರೆಕಾಯಿ ಮೊರ ಪಕ್ಕಕ್ಕೆ ಸರಿಸಿ, ಫೋನನ್ನು ಚೊಂಬಿಗೆ ಆನಿಸಿ ನಿಲ್ಲಿಸಿ, "ಪೂರ್ತಿ ಸೀನ್ ನೋಡಣ ಬನ್ನಿ" ಎಂದಳು.

ಪವಿತ್ರ ಹೆಂಗಸನ್ನೇ ನೋಡುತ್ತಿದ್ದಳು, ನಾಲ್ಕು ಸಾವಿರ ಜನರ ಹಾಗೆ. ಕುಳ್ಳಮ್ಮನ ಕಣ್ಣು ಮಾತ್ರ ಹೀರೋನ ಮೇಲೂ ನಿಲ್ಲಲಿಲ್ಲ, ತನ್ನ ಮೇಲೂ ನಿಲ್ಲಲಿಲ್ಲ. ಮೂವತ್ತು ವರ್ಷದ ಅಭ್ಯಾಸ. ಅದು ನೇರ ಚಿಮಣಿಗೆ ಹೋಯಿತು.

"ನಿಲ್ಸು. ಇಂದಕ್ಕೆ ಓಗು."

ಹೀರೋ ಮಾತು ಶುರು ಮಾಡುವಾಗ ಚಿಮಣಿಯಿಂದ ದಟ್ಟ ಹೊಗೆ. ಹೀರೋಯಿನ್ ಉತ್ತರ ಕೊಡುವಾಗ ಆಕಾಶ ತೊಳೆದಿಟ್ಟ ತಟ್ಟೆ.

"ಒಗೆ ಎಲ್ಲೋಯ್ತು?" ಎಂದಳು ಕುಳ್ಳಮ್ಮ.

"ಅಯ್ಯೋ, ಅದೂ ಕೇಳವ್ರೆ ಅತ್ತೆ! ಜೈಲಿಗ್ಯಾಕೆ ಚಿಮಣಿ ಅಂತ. ಬ್ರಿಟಿಷ್ರು ಒಳಗಡೆ ಹೆಣ ಸುಡ್ತಿದ್ರು ಅಂತ ಒಬ್ಬ ದೊಡ್ಡದಾಗಿ ಬರ್ದವ್ನೆ."

"ಅವ್ನ ಕತೆ ಬುಡು. ಬೆಂಕಿ ನೋಡೋರು ತೂಕಡಿಸಿದ್ರೆ ಒಗೆ ಇಂಗೆ ನಿಲ್ಲಾಕಿಲ್ಲ ಕಣವ್ವ. ಸೌದೆ ಕೆಂಡ ಆಯ್ತದೆ, ಒಗೆ ಸಣ್ಣಗಾಯ್ತಾ ಆಯ್ತಾ ಓಯ್ತದೆ, ಒತ್ತು ಇಡೀತದೆ. ಇದು ನೋಡು, ಚಾಕಲ್ಲಿ ಕುಯ್ದಂಗೆ ನಿಂತದೆ. ಯಾರೋ ಸೌದೆನೇ ಈಚೆಗೆ ಎಳ್ದವ್ರೆ."

ಪವಿತ್ರ ಮತ್ತೆ ಹಿಂದಕ್ಕೆ ಓಡಿಸಿದಳು. ಎರಡು ಚಿತ್ರಗಳ ನಡುವೆ ಅರೆಕ್ಷಣದ ಇನ್ನೊಂದು ಚಿತ್ರವಿತ್ತು. ಹೀರೋ ತಿರುಗುವಾಗ ಬ್ಯಾರನ್ನಿನ ಹಿಂಬದಿಯ ಮೂಲೆ ಇಣುಕಿ ಮಾಯವಾಗುತ್ತಿತ್ತು. ಅವಳು ಅದನ್ನು ನಿಲ್ಲಿಸಿ, ಎರಡು ಬೆರಳಲ್ಲಿ ಹಿಗ್ಗಿಸಿದಳು. ಮೂಲೆಯಲ್ಲಿ ಯಾರೋ ಒಲೆಯ ಮುಂದೆ ಬಗ್ಗಿದ್ದಾರೆ. ಮುಖವಿಲ್ಲ. ಉರಿಯುವ ಸೌದೆಯ ತುದಿ ಹಿಡಿದ ಕೈಯಿದೆ, ಬೆನ್ನಿದೆ, ಬೆನ್ನಿನಾಚೆ ಒಂದು ಕಿತ್ತಳೆ ಚುಕ್ಕೆಯಿದೆ.

ಅತ್ತೆ ಸೊಸೆ ಮಾತಾಡುವ ಮುಂಚೆಯೇ ಆ ಕಿತ್ತಳೆ ಬಣ್ಣ, ಬಿಸಿಲಿಗೆ ಅರ್ಧ ಬೆಳ್ಳಗಾಗಿ, ಬೇಲಿ ದಾಟಿ ಅಂಗಳಕ್ಕೆ ಬಂತು.

"ಉಣ್ಣಾಕಿಕ್ಲೇ ಕುಳ್ಳಿ, ಒಟ್ಟೆ ಅಸೀತದೆ" ಎನ್ನುತ್ತ ಕರಿಯಪ್ಪ ಕಾಲು ತೊಳೆಯತೊಡಗಿದ. ಯಾರೂ ಏಳಲಿಲ್ಲ. "ಏನ್ ಅತ್ತೆ ಸೊಸೆ ಫೋನೊಳಗೆ ಬಿದ್ದೋಗಿದ್ದೀರಿ?"

"ನಿಮ್ ಸಿನಿಮಾ ನೋಡ್ತಾ ಇದ್ವಿ" ಎಂದಳು ಕುಳ್ಳಮ್ಮ. "ಬನ್ನಿ, ನಿಮ್ಮ ಪಾಲ್ಟು ಚೆನ್ನಾಗೈತೆ."

ಅವನು ಬಗ್ಗಿ ನೋಡಿದ. ಪವಿತ್ರ ಮೂರು ಸಲ ತೋರಿಸಿದಳು: ಹೊಗೆ, ಟೋಪಿ, ತಲೆಯಾಡಿಸುವ ಅತ್ತೆ. ಹೊಗೆ, ಟೋಪಿ, ಅತ್ತೆ. ಕರಿಯಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಜಗುಲಿಯ ಅಂಚಿನಲ್ಲಿ ಕುಸಿದ.

"ಜೈಲಲ್ಲಿ ಒಗೆ ಬರಬಾರ್ದು ಸಾರ್, ಐದು ನಿಮಿಷ ನಿಲ್ಸಿ ಅಂದ್ರು" ಎಂದ ಕಡೆಗೆ. "ಸಾರ್ ಅಂದ್ರಲ್ಲ, ಇಲ್ಲ ಅನ್ನಾಕೆ ಆಗ್ಲಿಲ್ಲ. ಐದು ನಿಮಿಷಕ್ಕೇನು ಅಂತ ಎಳ್ದೆ. ಆ ಹೀರೋ ಮುಂಡೇದು ಒಂದ್ ಮಾತ ಹದಿನಾಲ್ಕು ಸಲ ತಪ್ಪಿದ. ಆಮೇಲೆ ತುರುಕ್ದೆ. ಅಷ್ಟೊತ್ತಿಗೆ..."

"ಅಷ್ಟೊತ್ತಿಗೆ ನಾನು ತೂಕಡಿಸಿದ್ದೆ."

"ಬ್ಯಾರನ್ ಬಿಚ್ಚಿದ್ ದಿನ ಭಯ ಆಯ್ತು ಕಣೆ. ಬಾಯಿಗೆ ಬಂದಿದ್ದು ಅಂದ್ಬುಟ್ಟೆ. ಅಂದ್ಮೇಲೆ ಇಂದಕ್ಕೆ ತಕ್ಕೊಳ್ಳಾದೆಂಗೆ? ಟಾಕೀಸಲ್ಲಿ ಮೂರು ಸಲ ನೋಡ್ದೆ. ಮೂರು ಸಲಾನೂ ಆ ಸೀನು ಬಂದಾಗ ಎದೆ ಡವಡವ ಅಂತಿತ್ತು. ಯಾರಿಗೂ ಕಾಣ್ಲಿಲ್ಲ, ಬುಡು ಅನ್ಕೊಂಡೆ."

"ನನಗೆ ಕಾಣ್ತು" ಎಂದಳು ಕುಳ್ಳಮ್ಮ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಎದ್ದು ಒಳಗೆ ಹೋಗಿ ಮುದ್ದೆ, ಸೊಪ್ಪಿನ ಸಾರು ತಂದು ಮುಂದಿಟ್ಟು, ಎದುರಿಗೇ ಕೂತಳು. ಎರಡು ವರ್ಷ ಅವಳನ್ನು ಒಳಗೊಳಗೇ ಕೊರೆದದ್ದು ಆ ಹಾಳಾದ ಸೊಪ್ಪಲ್ಲ. ತನ್ನ ಕಣ್ಣನ್ನು ತಾನೇ ನಂಬದ ಹಾಗೆ ಆಗಿತ್ತಲ್ಲ, ಅದು. ಆ ನಂಬಿಕೆಯನ್ನು ಕಿತ್ತುಕೊಂಡವನು ತಿರುಗಿ ಕೊಡಬೇಕಿತ್ತು.

"ಎಲ್ಲಿ ಯೋಳಿದ್ರೋ ಅಲ್ಲೇ ಯೋಳ್ಬೇಕು" ಎಂದಳು. "ಮನೆ ಒಳಗೆ ಯೋಳಿದ್ದು ನನಗೆ ಬ್ಯಾಡ. ನಾಳೆ ಚಲುವಯ್ಯನ ಕೊಟ್ಟಿಗೇಲಿ ಸೊಪ್ಪು ಕಟ್ತಾವ್ರೆ."

"ಆಡ್ಕೋತಾರೆ ಕಣೆ."

"ಎಲ್ಡು ವರ್ಸ ನನ್ನ ಆಡ್ಕಂಡವ್ರೆ. ಒಂದ್ ದಿನ ನಿಮ್ಮ ಆಡ್ಕೊಳ್ಳಿ. ಸಾಯಾಕಿಲ್ಲ, ನಾನೇನ್ ಸತ್ನಾ?"

ಪವಿತ್ರಳಿಗೆ ತಡೆಯಲಾಗಲಿಲ್ಲ. ಅತ್ತೆಯ ಒಪ್ಪಿಗೆ ಪಡೆದು ನಾಲ್ಕು ಸಾವಿರ ಜನರ ನಡುವೆ ತಾನೂ ಬರೆದಳು: ಅದು ಜೈಲಲ್ಲ, ಬ್ಯಾರನ್ನು, ಆಕೆ ಆತ್ಮವಲ್ಲ, ನಮ್ಮತ್ತೆ, ನೋಡಿದ್ದು ಥರ್ಮಾಮೀಟರು. ಕಾಲು ಗಂಟೆಯಲ್ಲಿ ಉತ್ತರ ಬಂತು. "ಸುಮ್ನಿರಮ್ಮ, ಡೈರೆಕ್ಟರ್ ಅಷ್ಟು ದಡ್ಡರಲ್ಲ" ಎಂದು ಒಬ್ಬ. "ನಿಮ್ಮತ್ತೆ ದೇವತೆ ಅಂತ ನಿಮಗೇ ಗೊತ್ತಿಲ್ಲ" ಎಂದು ಇನ್ನೊಬ್ಬ. ಓದಿ ಹೇಳಿದಾಗ ಕುಳ್ಳಮ್ಮ, "ಅವ್ರಿಗೆ ದೇವ್ರಾದ್ರೂ ಬೇಕಾಗೈತೆ, ದೆವ್ವಾದ್ರೂ ಬೇಕಾಗೈತೆ, ಕೆಲ್ಸ ಮಾಡೋ ಎಂಗ್ಸು ಬ್ಯಾಡ ನೋಡು" ಎಂದಳು. ಆದರೂ ಪಾಪ, ಊರು ಕೇರಿ ಗೊತ್ತಿಲ್ಲದ ಅಷ್ಟು ಜನ ಕೆಲಸ ಬಿಟ್ಟು ತನ್ನ ತಲೆಯಾಡಿಸುವಿಕೆಯನ್ನೇ ನೋಡುತ್ತ ಕೂತದ್ದಕ್ಕೆ ಅವಳಿಗೆ ಒಳಗೊಳಗೆ ಪ್ರೀತಿ ಬಂದಿತ್ತು. ಎರಡು ವರ್ಷದಲ್ಲಿ ಯಾಕೆ ತಲೆಯಾಡಿಸಿದೆ ಎಂದು ಕೇಳಿದವರು ಅವರೇ ತಾನೇ, ಊರಿನವರು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಚಲುವಯ್ಯನ ಕೊಟ್ಟಿಗೆಯಲ್ಲಿ ಹಸಿ ಸೊಪ್ಪಿನ ರಾಶಿಯ ಸುತ್ತ ಹತ್ತು ಹನ್ನೆರಡು ಜನ ಕೂತಿದ್ದರು. ಕುಳ್ಳಮ್ಮ, ಪವಿತ್ರ ಹೋಗಿ ಸೇರಿಕೊಂಡರು. ಕರಿಯಪ್ಪ ಬರಿತಲೆಯಲ್ಲಿ ಬಾಗಿಲ ಹತ್ತಿರ ನಿಂತ. ಮೊದಲು ಮಳೆಯ ವಿಷಯ ಎತ್ತಿದ. ಆಮೇಲೆ ಸಿನಿಮಾದ ವಿಷಯ.

"ಆ ಸಿನಿಮಾದಲ್ಲಿ ಒಂದು ಸೀನ್ ಐತಲ್ಲ..."

"ನಾವೂ ನೋಡಿದೀವಿ ಬುಡಪ್ಪ" ಎಂದಳು ಮೂಲೆಯಲ್ಲಿದ್ದ ಚಿಕ್ಕಸಿದ್ದಮ್ಮ, ಊರಿಗೆಲ್ಲ ಹಿರಿಯಳು. "ನೀನು ಮೂರು ಸಲ ಯೋಳಿದೀಯ."

"ಇದು ಯೋಳಿಲ್ಲ ಕಣಜ್ಜಿ." ಅವನು ಹೆಂಡತಿಯ ಕಡೆ ನೋಡಿದ. ಅವಳು ಸಹಾಯಕ್ಕೆ ಬರಲಿಲ್ಲ. "ಅವತ್ತು ಸೌದೆ ಎಳ್ದೋನು ನಾನೇ. ಕುಳ್ಳಿ ತೂಕಡಿಸಿರ್ಲಿಲ್ಲ. ನಾನು ಸುಳ್ಳು ಯೋಳ್ದೆ."

ದಾರ ಎಳೆಯುತ್ತಿದ್ದ ಕೈಗಳೆಲ್ಲ ನಿಂತವು. ಪವಿತ್ರ ಫೋನು ತೆಗೆದು ತೋರಿಸಲು ಹೊರಟಳು. ಕುಳ್ಳಮ್ಮ ಅವಳ ಕೈ ಅದುಮಿ ಸುಮ್ಮನಾಗಿಸಿದಳು. ಸಾಕ್ಷಿ ಬೇಕಿರಲಿಲ್ಲ, ಮಾತೇ ಬಂದಾಗಿತ್ತು.

"ಥೂ ನಿನ್ನ" ಎಂದಳು ಚಿಕ್ಕಸಿದ್ದಮ್ಮ. "ಅವ್ರು ಸಾರ್ ಅಂದಿದ್ಕೆ ಬ್ಯಾರನ್ನೇ ಕೊಟ್ಟೆ. ಮಾರಾಜ ಅಂದಿದ್ರೆ ಎಂಡ್ರುನೂ ಕೊಡ್ತಿದ್ದೆ."

ಕೊಟ್ಟಿಗೆ ಹಾರಿಹೋಗುವಂತೆ ನಗು ಎದ್ದಿತು. ಕರಿಯಪ್ಪ ಕಿವಿಯವರೆಗೂ ಕೆಂಪಾಗಿ, ಅದರಲ್ಲೇ ತಾನೂ ಪೆಚ್ಚುನಗೆ ನಕ್ಕ. ಚಲುವಯ್ಯ ಮಾತ್ರ ನಗಲಿಲ್ಲ. ತಲೆ ಬಗ್ಗಿಸಿ ಹರಿದ ಎಲೆಯೊಂದನ್ನು ಮಡಿಚುತ್ತ ಕೂತಿದ್ದವನು, ನಗು ಇಳಿದ ಮೇಲೆ ಕೇಳಿದ:

"ಕುಳ್ಳಕ್ಕ, ನಾಳಿದ್ದು ನನ್ ಬ್ಯಾರನ್ನಿಗೆ ಬೆಂಕಿ ಇಡ್ತೀನಿ. ನೀನು ನೋಡ್ಕತೀಯಾ?"

"ಕೇಳಾಕೆ ಎಲ್ಡು ವರ್ಸ ಬೇಕಾಯ್ತಾ ಚಲುವಯ್ಯ?"

"ತಪ್ಪಾಯ್ತು ಕಣಕ್ಕ."

"ನೋಡ್ಕತೀನಿ. ಆದ್ರೆ ಬೆಂಕಿ ತಾವ ನಂದೇ ಮಾತು. ಯಾವ ಹೀರೋ ಬಂದ್ರೂ ನನ್ನ ಕೇಳ್ದೆ ಒಂದ್ ಸೌದೆ ಮುಟ್ಟಂಗಿಲ್ಲ."

"ಆಯ್ತು ಕಣಕ್ಕ, ನಿಂದೇ ಮಾತು."

ಕುಳ್ಳಮ್ಮ ಕಡ್ಡಿಯೊಂದನ್ನು ಎಳೆದುಕೊಂಡು ದಾರದ ತುದಿ ಬಿಗಿದಳು. ಕಟ್ಟುವವರ ಕೈಗೆ ಎಲೆ ಜೋಡಿಸಿ ಕೊಡಲು ಪಕ್ಕದಲ್ಲೊಬ್ಬರು ಬೇಕು. ಸೊಸೆ ಸರಿದು ಕೂರುವಷ್ಟರಲ್ಲಿ ಕರಿಯಪ್ಪ ಬಂದು ಆ ಜಾಗದಲ್ಲಿ ಕುಕ್ಕರಿಸಿದ. ಅವನು ಆ ಕೆಲಸ ಮಾಡಿದ್ದನ್ನು ಊರು ನೋಡಿರಲಿಲ್ಲ. ರಾಶಿಯಿಂದ ಎಲೆ ಎತ್ತಿ, ತೊಟ್ಟು ಸಮ ಮಾಡಿ, ಅವಳ ಮುಂದೆ ಹಿಡಿದ.

"ಎಲ್ಡಲ್ಲ, ಮೂರ್ಮೂರು ಕೊಡಿ" ಎಂದಳು ಅವಳು, ಅವನ ಮುಖ ನೋಡದೆ.

ಅವನು ಮೂರು ಕೊಟ್ಟ.