ಟೋಪಿ ಹಾಕದೆ ಮಾಡಿದ ಆನೆ

ನೋಡಿ, ರಟ್ಟಿನಲ್ಲಿ ಆನೆ ಮಾಡುವವರು ನಿಮ್ಮ ಬೀದಿಯಲ್ಲೂ ಇರಬಹುದು. ಆದರೆ ಒಂದೇ ದಿನದಲ್ಲಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು, ಒಂದು ಪಾತ್ರೆ ಸುಟ್ಟು, ಬೆಳಗ್ಗೆ ಬಾಗಿಲು ತೋರಿಸಿದ ಅಕ್ಕನ ಕೈಯಲ್ಲೇ ಸಂಜೆ ಬಾಗಿಲು ತೆಗೆಸಿಕೊಂಡ ಗಂಡು ಒಬ್ಬನೇ. ಅವನು ಕತ್ತರಿ ಮುಟ್ಟಲಿಲ್ಲ. ಅವನ ಕೈಯೇ ಕತ್ತರಿ. ಕತೆ ಮುಗಿದ ಮೇಲೆ ನೀವು ಎದ್ದು ನಿಂತು ಶಿಳ್ಳೆ ಹೊಡೆಯದಿದ್ದರೆ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಅದು ಬೇರೆ ಮಾತು.

ಹೀರೋ ಎಂಟ್ರಿ. ಮಕ್ಕಳಿಗೆ ಅವನು ಮಾವ, ಅಂದರೆ ಅಮ್ಮನ ತಮ್ಮ. ವಯಸ್ಸು ಇಪ್ಪತ್ತಮೂರು. ಕೆಲಸ, ಟಾಕೀಸಿನ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವುದು. ದಿನಕ್ಕೆ ನಾಲ್ಕು ಆಟ. ಅರ್ಧ ಟಿಕೆಟ್ ಬಂದವರ ಕೈಗೆ, ಅರ್ಧ ಡಬ್ಬಿಗೆ. ಕರೆಂಟು ಹೋಗಿ ಕತ್ತಲಲ್ಲಿ ಹರಿದರೂ ನಡು ತಪ್ಪಿದ್ದಿಲ್ಲ. "ಹರಿದ ಟಿಕೆಟ್ ಇದ್ದೋನು ಒಳಗಿನೋನು, ಹರೀದೆ ಇರೋನು ಇನ್ನೂ ಬೀದಿಯೋನು" ಎನ್ನುವುದು ಅವನೇ ಬರೆದುಕೊಂಡ ಡೈಲಾಗು. ಮನೆಯಲ್ಲಿ ದಿನಕ್ಕೆರಡು ಸಲ ಹೊಡೆಯುತ್ತಿದ್ದ. ಕೇಳುವವರು ಇಬ್ಬರು. ಒಬ್ಬಳಿಗೆ ಆರು ವರ್ಷ, ಒಬ್ಬನಿಗೆ ನಾಲ್ಕು.

ಟಾಕೀಸಿಗೆ ಹೊಸ ಪರದೆ ಹಾಕಬೇಕೆಂದು ಒಂದು ತಿಂಗಳು ಬಾಗಿಲು ಮುಚ್ಚಿದ್ದರು. ಮಾವ ಅಕ್ಕನ ಮನೆಗೆ ಬಂದು ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿದ. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಭಾವ ಲಾರಿ ಡ್ರೈವರು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ, ಅದರಲ್ಲಿ ಮೂರು ದಿನ ನಿದ್ದೆಯಲ್ಲಿ. ಮಕ್ಕಳಿಗೆ ಸ್ಕೂಲು ರಜೆ. ಹೀಗಾಗಿ ಎಲ್ಲ ಸರಿಯಾಗಿಯೇ ಇತ್ತು, ಹೋದ ವಾರದ ತನಕ. ಹೋದ ವಾರ ಮಾವ ಮಕ್ಕಳಿಗೆ ಸೋಫಾದ ಮೇಲಿಂದ ಹಾರಿ ವಿಲನ್ ಮೇಲೆ ಬೀಳುವ ಫೈಟು ಕಲಿಸಿದ. ಮಕ್ಕಳಿಗೆ ಏನೂ ಆಗಲಿಲ್ಲ. ವಿಲನ್ನಿಗೂ ಆಗಲಿಲ್ಲ, ವಿಲನ್ ದಿಂಬು. ಸೋಫಾದ ಕಾಲು ಹೋಯಿತು. ಈಗ ಅದು ಎರಡು ಇಟ್ಟಿಗೆಯ ಮೇಲೆ ನಿಂತಿದೆ.

ಮಾರನೆಯ ದಿನವೇ ಅಕ್ಕ ಒಂದು ಬಸ್ ಟಿಕೆಟ್ ತಂದಳು. ಅಣ್ಣನ ಊರಿಗೆ. ಅಣ್ಣ ಡ್ರಿಲ್ ಮೇಷ್ಟ್ರು. ಬೆಳಗ್ಗೆ ಐದಕ್ಕೆ ಸೀಟಿ ಊದಿ ಮನೆಮಂದಿಯನ್ನೆಲ್ಲ ಎಬ್ಬಿಸುವ ಆಸಾಮಿ. ಆ ಮನೆಯ ನಾಯಿ ಕೂಡ ಸಾಲಿನಲ್ಲಿ ನಿಲ್ಲುತ್ತದೆ. ಗುಲಾಬಿ ಬಣ್ಣದ ದಪ್ಪ ಕಾಗದದ ಆ ಟಿಕೆಟ್ಟನ್ನು ಅಕ್ಕ ಫ್ರಿಜ್ಜಿನ ಬಾಗಿಲ ನೆತ್ತಿಯಲ್ಲಿ ಅಯಸ್ಕಾಂತದ ಕೆಳಗೆ ಸಿಕ್ಕಿಸಿದಳು. ಮಾವ ನೀರು ಕುಡಿಯಲು ಹೋದಾಗಲೆಲ್ಲ ಅದು ಅವನನ್ನೇ ನೋಡುತ್ತಿತ್ತು.

ಬಸ್ಸು ನಾಳೆ ಎನ್ನುವ ದಿನ ಬೆಳಗ್ಗೆ ಅಕ್ಕ ಚಪ್ಪಲಿ ಮೆಟ್ಟುತ್ತಾ ಹೇಳಿದಳು:

"ಇವತ್ತೊಂದು ದಿನ ನೋಡ್ತೀನಿ ಕಣೋ. ಸಂಜೆ ನಾನು ಬರೋಷ್ಟ್ರಲ್ಲಿ ಮಕ್ಕಳು ಕೈಯಾರೆ ಏನಾದ್ರೂ ಒಂದು ಮಾಡಿರ್ಬೇಕು. ಟಿವಿ ಇಲ್ಲ, ಮೊಬೈಲ್ ಇಲ್ಲ. ಅಂಗಡಿಯಿಂದ ತಂದಿಟ್ಟರೆ ವಾಸನೇಲೇ ಗೊತ್ತಾಗತ್ತೆ ನಂಗೆ. ಮಾಡಿದ್ರೆ ಟಿಕೆಟ್ ವಾಪಸ್ ಮಾಡ್ತೀನಿ, ಇಲ್ಲೇ ಬಿದ್ದಿರು. ಇಲ್ಲಾಂದ್ರೆ ನಾಳೆ ಆರು ಗಂಟೆ ಬಸ್ಸು."

"ಅಕ್ಕ, ಈ ತಮ್ಮ ಒಂದ್ಸಲ ಮಾತು ಕೊಟ್ಟ ಅಂದ್ರೆ..."

"ಡೈಲಾಗ್ ಬೇಡ. ಟೋಪಿನೂ ಹಾಕ್ಬೇಡ. ನಂಗೆ ಟೋಪಿ ಹಾಕಿದ್ಯೋ, ಅಷ್ಟೇ!"

ಬಾಗಿಲು ಮುಚ್ಚಿತು. ಬಾಗಿಲ ಪಕ್ಕದಲ್ಲಿ ಆರು ವರ್ಷದವಳು ನಿಂತಿದ್ದಳು, ಎಲ್ಲ ಕೇಳಿಸಿಕೊಂಡು. ಮನೆಯಲ್ಲಿ ಅವಳನ್ನು ಲಾಯರಮ್ಮ ಎನ್ನುತ್ತಾರೆ. ಹುಟ್ಟಿದಾಗಿನಿಂದ ಒಂದು ಕೇಸೂ ಸೋತವಳಲ್ಲ. ಅವಳ ತಮ್ಮ, ನಾಲ್ಕು ವರ್ಷದವನು, ಯಾರು ಸಿಕ್ಕರೂ ಅವರ ಕಾಲಿಗೆ ಅಂಟಿಕೊಳ್ಳುತ್ತಾನೆ. ಅದಕ್ಕೇ ಅವನಿಗೆ ಗೋಂದು ಎಂದು ಹೆಸರು. ಆಗಲೂ ಮಾವನ ಎಡಗಾಲಿಗೆ ಅಂಟಿಕೊಂಡಿದ್ದ.

ಮಾವನಿಗೆ ಒಂದು ಚೂರೂ ಭಯವಿರಲಿಲ್ಲ. ಕೈಕೆಲಸದಲ್ಲಿ ಅವನಿಗೆ ಬರುತ್ತಿದ್ದದ್ದು ಒಂದೇ, ಆದರೆ ಅದು ಕಣ್ಣು ಮುಚ್ಚಿದರೂ ಬರುತ್ತಿತ್ತು. ನಿನ್ನೆಯ ಪೇಪರ್ ತೆಗೆದ, ಎರಡು ಮಡಿಕೆ, ಎರಡು ಮೂಲೆ, ಅಂಚು ಮೇಲಕ್ಕೆ. ಅರ್ಧ ನಿಮಿಷದಲ್ಲಿ ಒಂದು ಪೇಪರ್ ಟೋಪಿ.

"ಬನ್ನಿ, ನೀವೂ ಒಂದೊಂದು ಮಾಡಿ. ಹತ್ತು ನಿಮಿಷದಲ್ಲಿ ಪಿಚ್ಚರ್ ಖತಂ."

ಲಾಯರಮ್ಮ ಕೈಕಟ್ಟಿದಳು.

"ಟೋಪಿ ಬೇಡ ಅಂದಿದಾಳೆ ಅಮ್ಮ."

"ಆ ಟೋಪಿ ಬೇರೆ ಕಣೆ."

"ಯಾವ ಟೋಪಿ?"

"ಅದು... ಕಣ್ಣಿಗೆ ಕಾಣ್ಸಲ್ಲ."

"ಕಾಣ್ಸದೆ ಇದ್ರೆ ಹಾಕಿದ್ದು ಅಮ್ಮಂಗೆ ಹೇಗೆ ಗೊತ್ತಾಗತ್ತೆ?"

"ಗೊತ್ತಾಗಬಾರ್ದು ಅಂತಲೇ ಹಾಕೋದು."

"ಹಾಗಾದ್ರೆ ನೀನು ಆಗ್ಲೇ ಹಾಕಿದೀಯಾ?"

ಸಾಕ್ಷಿ ಕಟಕಟೆಯಲ್ಲಿ ಯಾವಾಗ ಬಾಯಿ ಮುಚ್ಚಬೇಕೆಂದು ನೂರಾರು ಸಿನಿಮಾ ನೋಡಿದವನಿಗೆ ಗೊತ್ತಿರುತ್ತದೆ. ಮಾವ ಟೋಪಿಯನ್ನು ತೆಗೆದು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟ. ಅವನ ಬತ್ತಳಿಕೆಯಲ್ಲಿದ್ದ ಒಂದೇ ಬಾಣ ಅಲ್ಲಿಗೆ ಮುಗಿಯಿತು. ಗಂಟೆ ಎಂಟೂ ಇಪ್ಪತ್ತು.

"ಮತ್ತೇನು ಮಾಡೋಣ, ನೀವೇ ಹೇಳಿ."

"ಆನೆ," ಎಂದ ಗೋಂದು ಕಾಲ ಬುಡದಿಂದ. ತಿಂಡಿಗೆ ಏನು ಬೇಕು ಎಂದರೂ ಅವನ ಉತ್ತರ ಅದೇ. ಆದರೆ ಇವತ್ತು ಅದನ್ನು ಕೋರ್ಟು ಒಪ್ಪಿಕೊಂಡಿತು.

ಮೈಗೆ ಟೀ ಪುಡಿಯ ಖಾಲಿ ರಟ್ಟಿನ ಪೊಟ್ಟಣ. ಕಾಲಿಗೆ ನಾಲ್ಕು ಬೆಂಕಿಪೊಟ್ಟಣ. ಕಡ್ಡಿಗಳನ್ನೆಲ್ಲ ಲೋಟಕ್ಕೆ ಸುರಿದು ಮೇಲಿನ ಶೆಲ್ಫಿಗೆ ಏರಿಸಿದ್ದಾಯಿತು. ಸೊಂಡಿಲಿಗೆ ಪೇಪರಿನ ಎರಡು ಪಟ್ಟಿ. ಅಂಟಿಸಲು ಮೈದಾ ಅಂಟು ಕಾಯಿಸಬೇಕು. ಮಾವ ಪಾತ್ರೆಗೆ ಮೈದಾ ಹಾಕಿ ನೀರು ಸುರಿದು ಒಲೆ ಹಚ್ಚಿದ. ನೀರು ಮೊದಲೋ ಹಿಟ್ಟು ಮೊದಲೋ ಎಂಬ ಪ್ರಶ್ನೆ ಅವನಿಗೆ ಬಂದದ್ದು ಆಮೇಲೆ. ಪಾತ್ರೆಯಲ್ಲಿ ಗಂಟುಗಳು ಕಪ್ಪೆಗಳ ಹಾಗೆ ಕುಣಿಯತೊಡಗಿದವು. ಆಗಲೇ ಅಕ್ಕನ ಫೋನು.

"ಏನೋ, ಗೋಂದು ಎಲ್ಲಿ?"

"ಒಲೆ ಮೇಲಿದೆ ಅಕ್ಕ."

ಆ ಕಡೆ ಟ್ರೇ ಬಿದ್ದ ಸದ್ದು.

"ಕುದೀತಾ ಇದೆ. ಸ್ವಲ್ಪ ಗಂಟಾಗಿದೆ, ಸೌಟಲ್ಲಿ ಒತ್ತುತಾ ಇದೀನಿ."

"ಲೋ!!"

ಆ ಕೂಗಿಗೆ ಆಸ್ಪತ್ರೆಯ ವಾರ್ಡಿನಲ್ಲಿ ಎದ್ದು ಕೂರಬಾರದೆಂದು ಡಾಕ್ಟರು ಹೇಳಿದ್ದ ಇಬ್ಬರು ಎದ್ದು ಕೂತರಂತೆ. ಲಾಯರಮ್ಮ ಫೋನು ಕಿತ್ತುಕೊಂಡು, "ಅಮ್ಮ, ಅದು ಅಂಟಿಸೋ ಗೋಂದು. ನಮ್ಮ ಗೋಂದು ನೆಲದ ಮೇಲಿದಾನೆ. ಗೋಂದು ತಿಂತಿದಾನೆ," ಎಂದು ವಿಷಯ ಸ್ಪಷ್ಟ ಮಾಡಿದಳು. ಅಷ್ಟರಲ್ಲಿ ಪಾತ್ರೆಯ ತಳ ಹಿಡಿಯಿತು.

ಸೊಂಡಿಲಿನ ಕೆಲಸ ಸುಲಭವಿರಲಿಲ್ಲ. ಒಂದು ಪಟ್ಟಿಯ ಮೇಲೆ ಇನ್ನೊಂದು ಅಡ್ಡ ಇಟ್ಟು, ಇದನ್ನು ಅದರ ಮೇಲೆ, ಅದನ್ನು ಇದರ ಮೇಲೆ ಮಡಚುತ್ತಾ ಹೋದರೆ ಸ್ಪ್ರಿಂಗಿನ ಹಾಗೆ ಎಳೆಯಬಹುದಾದ ಸೊಂಡಿಲಾಗುತ್ತದೆ. ಮಾವ ಮಡಚಿದ್ದು ಎಳೆದ ಕೂಡಲೇ ಬಿಚ್ಚಿಕೊಂಡಿತು. ಮೂರು ಸಲ ಮಡಚಿದ, ಮೂರು ಸಲ ಬಿಚ್ಚಿತು.

"ನೀನು ಒಂದನ್ನೇ ಎರಡ್ಸಲ ಮಡಚ್ತಿದೀಯ ಮಾವ. ಅದಕ್ಕೂ ಪಾಳಿ ಕೊಡ್ಬೇಕು," ಎಂದಳು ಲಾಯರಮ್ಮ.

"ಹರಿಯೋದಿದ್ರೆ ಹೇಳು, ನೋಡು ಆಮೇಲೆ."

"ಹರಿಯೋದೇನೂ ಇಲ್ಲ."

ಗೋಂದು ಅಂಗೈಯಲ್ಲಿ ಅಂಟು ಬಳಿದು ಬೆಂಕಿಪೊಟ್ಟಣಗಳನ್ನು ಒತ್ತಿದ. ಮೂರು ಕಾಲು ಆನೆಗೆ ಅಂಟಿದವು, ಒಂದು ಅವನ ಹೊಟ್ಟೆಗೆ. ಅದನ್ನು ಅಂಗಿಯ ಸಮೇತ ಬಿಡಿಸಿ ಆನೆಗೆ ಹಚ್ಚಿದರು. ಮಧ್ಯಾಹ್ನ ಮೂರಕ್ಕೆ ಆನೆ ನಿಂತಿತು. ಸ್ವಲ್ಪ ಎಡಕ್ಕೆ ವಾಲಿತ್ತು. ಸೋಫಾ ಕೂಡ ಎಡಕ್ಕೇ ವಾಲಿತ್ತು, ಹೊಂದಿಕೊಂಡಿತು.

ಇಂಟರ್‌ವಲ್.

ಇನ್ನು ಉಳಿದದ್ದು ಕಿವಿ. ಪೇಪರಿನ ಕಿವಿ ಅಂಟು ಕುಡಿದು ಒದ್ದೆ ಕರ್ಚೀಫಿನ ಹಾಗೆ ಜೋತುಬಿತ್ತು. "ಕಿವಿ ಜೋತುಬಿದ್ರೆ ನಾಯಿ ಆಗತ್ತೆ. ದಪ್ಪ ಕಾಗದ ಬೇಕು," ಎಂದು ಲಾಯರಮ್ಮ ತೀರ್ಪು ಕೊಟ್ಟಳು. ಆಮೇಲೆ ಆನೆಯ ಬೆನ್ನಿನ ಮೇಲಿದ್ದ ಗಂಟೊಂದನ್ನು ಉಗುರಿನಿಂದ ಕೆರೆಯುತ್ತಾ ಕೇಳಿದಳು:

"ಇದು ಪೂರ್ತಿ ಒಣಗೋಕೆ ನಾಳೆ ಆಗತ್ತೆ. ನೀನಿರ್ತೀಯಾ?"

"ಅದನ್ನ ನಿಮ್ಮಮ್ಮನ್ನ ಕೇಳು."

"ಅಮ್ಮ ಟಿಕೆಟ್ ಕೇಳು ಅಂತಾಳೆ."

ಮಾವ ಎದ್ದ. ಹಳೇ ಪೇಪರಿನ ಕಟ್ಟಿನಲ್ಲಿ ದಪ್ಪದ್ದೇನಾದರೂ ಇದೆಯೋ ನೋಡಲು ಬಾಲ್ಕನಿಗೆ ಹೋದ. ವಾಪಸ್ ಬಂದು ನೋಡುತ್ತಾನೆ, ಗೋಂದುವಿನ ಎರಡು ಕೈಯಲ್ಲಿ ಎರಡು ಗುಲಾಬಿ ತುಂಡು. ಟಿಕೆಟ್ಟನ್ನು ಮಗು ಹರಿದು ಹಾಕಿತ್ತು. ಎರಡೂ ತುಂಡು ಒಂದೇ ಅಳತೆ, ಆನೆಯ ಕಿವಿಗೆ ಹೇಳಿ ಮಾಡಿಸಿದ ಹಾಗೆ. ಅಯ್ಯೋ ಎಂದು ತಲೆ ಚಚ್ಚಿಕೊಂಡು ಏನು ಪ್ರಯೋಜನ? ಅಂಟಿಸಿದರು. ಕಿವಿ ನೆಟ್ಟಗೆ ನಿಂತಿತು. ಹೀಗೆ ನಡೆಯಿತು ಎಂದು ಸದ್ಯಕ್ಕೆ ಇಟ್ಟುಕೊಳ್ಳಿ.

ಸಂಜೆ ಅಕ್ಕ ಬಂದಳು. ಮೊದಲು ಪಾತ್ರೆಯ ವಾಸನೆ ನೋಡಿದಳು. ಆಮೇಲೆ ಮಕ್ಕಳನ್ನು ತಿರುಗಿಸಿ ತಿರುಗಿಸಿ ಕೈಕಾಲು ಎಣಿಸಿದಳು, ನರ್ಸಿನ ಅಭ್ಯಾಸ. ಲೆಕ್ಕ ಸರಿಯಿತ್ತು. ಆಮೇಲೆ ಊಟದ ಮೇಜಿನ ಮೇಲೆ ಎಡಕ್ಕೆ ವಾಲಿ ನಿಂತಿದ್ದ ಆನೆಯನ್ನು ನೋಡಿದಳು. ಸೊಂಡಿಲು ಎಳೆದು ಬಿಟ್ಟಳು. ಅದು ಕುಣಿದು ಮಡಚಿಕೊಂಡಿತು. ಅವಳ ತುಟಿ ಒಂದು ಚೂರು ಅಲುಗಿತು, ಮಾವ ನೋಡಿದ.

"ಮಕ್ಕಳೇ ಮಾಡಿದ್ದಾ?"

"ಅಮ್ಮನಾಣೆ," ಎಂದ ಮಾವ.

"ನಮ್ಮಮ್ಮನ್ನ ಯಾಕೋ ಎಳೀತೀಯ?" ಅಕ್ಕ ಬಗ್ಗಿ ನೋಡಿದಳು. ಆನೆಯ ಎಡಗಿವಿಯಲ್ಲಿ 'ಸೀಟು ಹನ್ನೊಂದು' ಎಂದಿತ್ತು. ಬಲಗಿವಿಯಲ್ಲಿ 'ಬೆಳಗ್ಗೆ ಆರು'.

ಫ್ರಿಜ್ಜಿನ ಕಡೆ ನೋಡಿದಳು. ಅಯಸ್ಕಾಂತ ಒಂಟಿಯಾಗಿತ್ತು.

"ಯಾರು ಹರಿದಿದ್ದು?"

"ಗೋಂದು. ಮಗು ಅಲ್ವಾ ಅಕ್ಕ, ತಿಳಿಯಲ್ಲ. ಬೈಬೇಡ ಪಾಪ."

"ಅಷ್ಟೆತ್ತರ ಹೇಗೋ ನಿಲುಕ್ತು ಅವನಿಗೆ?"

"ಸ್ಟೂಲ್ ಹಾಕ್ಕೊಂಡ."

"ಸ್ಟೂಲ್ ನನ್ ರೂಮಲ್ಲಿದೆ. ಸೋಫಾ ಆದ್ಮೇಲೆ ಬೀಗ ಹಾಕಿದೀನಿ."

ಮಾವ ಗೋಂದುವನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಬೆಳೆಯೋ ವಯಸ್ಸು," ಎಂದ.

ಅಕ್ಕ ಕಿವಿಯ ಅಂಚಿನ ಮೇಲೆ ಬೆರಳು ಎಳೆದಳು. "ಇವನಿಗೆ ಒಂದು ಬ್ರೆಡ್ಡು ನೆಟ್ಟಗೆ ಹರಿಯೋಕೆ ಬರಲ್ಲ. ಇದು ನೋಡು, ಸ್ಕೇಲ್ ಇಟ್ಟ ಹಾಗಿದೆ. ಸರಿಯಾಗಿ ಅರ್ಧಕ್ಕರ್ಧ."

"ಸೋದರಮಾವನ ರಕ್ತ ಅಲ್ವಾ ಅಕ್ಕ."

ಗೋಂದುವಿನ ಬಾಯಿ ತುಂಬ ಅಂಟು. ಅವನು ಹೇಳಿಕೆ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅಕ್ಕ ಮಗಳ ಕಡೆ ತಿರುಗಿದಳು. ಮಾವನಿಗೆ ಎಲ್ಲೋ ದೂರದಲ್ಲಿ ಅಣ್ಣನ ಸೀಟಿ ಕೇಳಿಸಿತು.

"ನೀನು ನೋಡಿದ್ದು ಹೇಳೆ."

"ನೋಡಿದ್ದು ಹೇಳ್ಲಾ, ರೂಲ್ ಹೇಳ್ಲಾ?"

"ಯಾವ ರೂಲು?"

"ಟಿಕೆಟ್ ಹರಿದ್ಮೇಲೆ ಒಳಗೆ ಬಿಡ್ಲೇಬೇಕು. ವಾಪಸ್ ಕಳಿಸೋ ಹಾಗಿಲ್ಲ. ಮಾವನ ಟಾಕೀಸಲ್ಲಿ ಹಾಗೇ."

ಅಕ್ಕ ತಿರುಗಿದಳು. ಬಾಗಿಲ ಬಳಿ ಹೋದಳು. ಮಾವ ಚಾಪೆ ಸುತ್ತುವ ಬಗ್ಗೆ ಯೋಚಿಸಿದ. ಅಕ್ಕ ಚಪ್ಪಲಿ ಸ್ಟ್ಯಾಂಡಿನ ಮೇಲಿದ್ದ ಪೇಪರ್ ಟೋಪಿ ತಗೊಂಡು, ಧೂಳು ಕೊಡವಿ, ತನ್ನ ತುರುಬಿನ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಸರಿಮಾಡಿದಳು.

"ಬೇಡ ಅಂದ್ರೂ ಹಾಕಿದ್ಯಲ್ಲೋ."

"ಅಮ್ಮ! ಟೋಪಿ!" ಎಂದು ಲಾಯರಮ್ಮ ಕಿರುಚಿದಳು.

"ನಾನೇ ಹಾಕ್ಕೊಂಡಿದ್ದು ಕಣೆ. ಇದಕ್ಕೆ ಕೇಸಿಲ್ಲ." ಅಕ್ಕ ಟೋಪಿಯಲ್ಲೇ ಅಡುಗೆಮನೆಗೆ ಹೋಗಿ, ಸುಟ್ಟ ಪಾತ್ರೆಯನ್ನು ತಂದು ತಮ್ಮನ ಕೈಗಿಟ್ಟಳು. "ಇದನ್ನ ತಿಕ್ಕು. ನಾಳೆ ಏಳಕ್ಕೆ ನಂಗೆ ಡ್ಯೂಟಿ. ನೀನು ಬರಲ್ಲ ಅಂತ ಅಣ್ಣಂಗೆ ನೀನೇ ಫೋನ್ ಮಾಡ್ಬೇಕು. ಬೆಳಗ್ಗೆ ಐದಕ್ಕೆ."

ಶುಭಂ. ಈಗ ಶಿಳ್ಳೆ ಹೊಡೆಯಿರಿ.

ಅಥವಾ ಸ್ವಲ್ಪ ತಡೀರಿ. ಪಾತ್ರೆ ಇನ್ನೂ ಕೈಯಲ್ಲೇ ಇದೆ, ತಳ ಬಿಡುತ್ತಿಲ್ಲ, ತಿಕ್ಕುತ್ತಾ ಕೂತರೆ ಮನುಷ್ಯನಿಗೆ ಏನೇನೋ ಹೇಳಬೇಕು ಅನಿಸುತ್ತದೆ. ಮಾವ ಅಂದರೆ ಬೇರೆ ಯಾರೋ ಅಲ್ಲ, ನಾನೇ. ಆನೆಯಲ್ಲಿ ನನ್ನ ಕೈವಾಡ ಏನೂ ಇಲ್ಲ. ಸೊಂಡಿಲು ಅವಳದು, ಕಾಲು ಅವನವು. ನಾನು ಕಾಯಿಸಿದ ಅಂಟಿನಲ್ಲಿ ಅರ್ಧ ಪಾತ್ರೆಗೆ ಹತ್ತಿತು, ಕಾಲು ಭಾಗ ಗೋಂದುವಿನ ಹೊಟ್ಟೆಗೆ ಹೋಯಿತು.

ಬಾಲ್ಕನಿಗೆ ನಾನು ಹೋಗಲೇ ಇಲ್ಲ. ಅಡುಗೆಮನೆಗೆ ಹೋದೆ. ಟಿಕೆಟ್ ಹರಿದದ್ದು ನಾನು, ಇಬ್ಬರೂ ಹಿಂದೆ ನಿಂತು ನೋಡುತ್ತಿದ್ದರು. ಅರ್ಧ ಗೋಂದುವಿನ ಕೈಗೆ ಕೊಟ್ಟು, ಟಾಕೀಸಿನ ಅಭ್ಯಾಸಕ್ಕೆ "ಬಾಲ್ಕನಿ ಮೇಲೆ, ಎಡಗಡೆ" ಅಂದೆ. ಉಳಿದರ್ಧ ಹಾಕಲು ಡಬ್ಬಿ ಹುಡುಕಿದೆ. ಡಬ್ಬಿ ಇರಲಿಲ್ಲ, ಅದನ್ನೂ ಅವನಿಗೇ ಕೊಟ್ಟೆ. ತಪ್ಪನ್ನೂ.

ಇನ್ನೊಂದಿದೆ. ದಪ್ಪ ಕಾಗದ ಮನೆಯಲ್ಲಿ ಇರಲಿಲ್ಲ ಎಂದು ನೀವು ಅಂದುಕೊಂಡಿರಬಹುದು. ಫ್ರಿಜ್ಜಿನ ಮೇಲೆ ಬಿಸ್ಕತ್ತಿನ ಖಾಲಿ ರಟ್ಟಿನ ಪೊಟ್ಟಣ ಇತ್ತು, ಟಿಕೆಟ್ಟಿಗಿಂತ ಒಂದು ಗೇಣು ಮೇಲೆ. ನಾಲ್ಕು ಆನೆಗೆ ಸಾಕಾಗುವಷ್ಟು ರಟ್ಟು. ನನಗೆ ಕಾಣಿಸಿತು. ಕೈ ಅಲ್ಲಿಯವರೆಗೆ ಹೋಗಲಿಲ್ಲ.