ಝಿಗ್ಗಿಯ ಹೊಸ ತಂಡ

ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದ ಶುಕ್ರವಾರಗಳಲ್ಲಿ ಪೋಲೆಂಡ್ ಮೂಲದ ನಮ್ಮವರ ಸಂತ ಹೆಡ್ವಿಗ್ ಚರ್ಚಿನ ನೆಲಮಾಳಿಗೆಯಲ್ಲಿ ನಾವು ಮೀನು ಕರಿದು ಮಾರುತ್ತೇವೆ. ಮಾಂಸ ಬಿಟ್ಟ ಪುಣ್ಯ ಊರಿಗೆ, ದುಡ್ಡು ಸೋರುವ ಸೂರಿಗೆ, ಹರಟೆ ನಮಗೆ. ಬೇಸ್‌ಬಾಲ್ ಶುರುವಾಗಲು ಇನ್ನೂ ಒಂದು ತಿಂಗಳಿರುತ್ತದೆ. ಆಟವಿಲ್ಲದಾಗ ನಮ್ಮವರು ಆಟಗಾರರ ಸಂಬಳವನ್ನೇ ಆಡುತ್ತಾರೆ. ಮನೆಯ ಕರೆಂಟ್ ಬಿಲ್ ಎಷ್ಟೆಂದು ತಿಳಿಯದವನಿಗೂ ತಂಡದ ಯಜಮಾನನ ಖಜಾನೆಯಲ್ಲಿ ಎಷ್ಟು ಉಳಿದಿದೆಯೆಂದು ಚೆನ್ನಾಗಿ ಗೊತ್ತಿರುತ್ತದೆ.

ಬಾಣಲೆ ಝಿಗ್ಗಿಯದು. ಎಪ್ಪತ್ತು ದಾಟಿದ ಮನುಷ್ಯ, ಉಕ್ಕಿನ ಕಾರ್ಖಾನೆಯಿಂದ ನಿವೃತ್ತ. ಹೆಂಡತಿ ಐರೀನ್ ಸತ್ತ ಮೇಲೆ ವಾರವಿಡೀ ಟಿವಿಯ ಜೊತೆ ಜಗಳವಾಡುತ್ತ ಕಳೆಯುತ್ತಿದ್ದ. ಶುಕ್ರವಾರ ಮಾತ್ರ ಸಾಲಿನಲ್ಲಿ ನಿಂತವರು "ಝಿಗ್ಗಿ, ನಂದು ಸ್ವಲ್ಪ ಕೆಂಪಗಿರಲಿ" ಎಂದು ಕೂಗುತ್ತಿದ್ದರು. ಅವನು ಬದುಕಿದ್ದುದೇ ಆ ಕೂಗಿಗೆ ಎಂದರೆ ತಪ್ಪಿಲ್ಲ.

ಆ ಚಳಿಗಾಲದಲ್ಲಿ ನಮ್ಮ ತಂಡ ವೀಮ್ಸ್ ಎಂಬ ವಯಸ್ಸಾದ ಎಸೆತಗಾರನಿಗೆ, ಅರ್ಧ ಸಂಬಳಕ್ಕೆ ಒಂದು ವರ್ಷ ಇರು, ಬೇಕಾದಾಗ ಕರೆಯುತ್ತೇವೆ ಎಂದಿತ್ತು. ಅವನು ಅದಕ್ಕಿಂತ ಕಡಿಮೆಗೆ ಬೇರೆ ಊರಿನ ತಂಡ ಸೇರಿಬಿಟ್ಟಿದ್ದ.

"ನಮಗೋಸ್ಕರ ತೋಳು ಸವೆಸಿದವನು ಕಣೋ," ಎಂದ ಯೂಜೀನ್, ಮೀನನ್ನು ಹಿಟ್ಟಿನಲ್ಲಿ ಅದ್ದುತ್ತ. ನಾನು ಪಕ್ಕದಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ.

"ಸವೆಸಿದ್ದಕ್ಕೆ ಆಗ್ಲೇ ಕೊಟ್ಟಾಯ್ತಲ್ಲ!" ಝಿಗ್ಗಿ ಬಾಣಲೆಯಿಂದ ತಲೆ ಎತ್ತಲಿಲ್ಲ. "ಸಂಬಳ ಕೊಡೋದು ನಾಳೆ ಎಸೆಯೋದಕ್ಕೆ, ನಿನ್ನೆ ಎಸೆದಿದ್ದಕ್ಕಲ್ಲ. ಅವನಿಗೆ ಕೊಡ್ತಿದ್ದ ಎರಡು ಕೋಟಿ ಡಾಲರಿಗೆ ಮೂರು ಜನ ಹುಡುಗರು ಬರ್ತಾರೆ."

"ಯಜಮಾನ ಏನು ನಿನ್ನ ಅಳಿಯನಾ? ಅವನ ದುಡ್ಡು ಉಳಿದ್ರೆ ನಿನಗೇನು ಬಂತು?"

"ಪ್ರೀತಿ ಬೇರೆ, ತಂಡ ಬೇರೆ. ಅಷ್ಟು ಪ್ರೀತಿ ಇದ್ರೆ ಮನೆಗೆ ಕರ್ಕೊಂಡು ಹೋಗಿ ಪಿರೋಗಿ ತಿನ್ನಿಸು. ಇಲ್ಲಿಗಿಂತ ಕಡ್ಮೆಗೆ ಅಲ್ಲಿಗೆ ಹೋದ್ನಲ್ಲ, ತಲೆ ಇದೆಯೇನೋ ಅವನಿಗೆ?"

ಅಡುಗೆಮನೆಯ ಯಜಮಾನಿ ಬೆರ್ನಾಡೆಟ್ ಪಿರೋಗಿ ಎಂಬ ನಮ್ಮ ಕಡುಬಿಗೆ ಹಿಟ್ಟು ನಾದುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಜನ ಹೋದ ಮೇಲೆ ಮೇಜು ಒರೆಸುವಾಗ ಮೆಲ್ಲಗೆ ಹೇಳಿದಳು: "ಝಿಗ್ಗಿ, ಮುಂದಿನ ವಾರದಿಂದ ಬಾಣಲೆ ಯೂಜೀನ್ ನೋಡ್ಕೊಳ್ಳಲಿ. ನೀನು ಎಲೆಕೋಸಿನ ಸಲಾಡ್ ಮಾಡು."

"ಯಾಕೆ?"

"ನೀನೇ ಹೇಳಿದ್ಯಲ್ಲ, ನಾಳೆಯ ಕೆಲಸ ನೋಡ್ಬೇಕು ಅಂತ."

"ಇಪ್ಪತ್ತು ವರ್ಷ ಕರಿದಿದ್ದೀನಿ, ಬೆರ್ನಾಡೆಟ್."

"ಪ್ರೀತಿ ಬೇರೆ, ತಂಡ ಬೇರೆ."

ವೀಮ್ಸ್‌ಗಾಗಿ ಅಷ್ಟೊತ್ತು ಕಣ್ಣೀರಿಟ್ಟ ಯೂಜೀನ್, ನಮ್ಮ ಲೆಕ್ಕದಲ್ಲಿ ಅರವತ್ತೊಂದರ ಹುಡುಗ, "ಅವಳು ಹೇಳೋದ್ರಲ್ಲೂ ಒಂದು ಲೆಕ್ಕ ಇದೆ ಕಣೋ" ಎಂದ. ಕರಿಯುವ ಜಾಲರಿ ಸೌಟನ್ನು ಆಗಲೇ ಕೈಗೆತ್ತಿಕೊಂಡಿದ್ದ. ಝಿಗ್ಗಿ ಏಪ್ರನ್ ಬಿಚ್ಚಿಟ್ಟು ಹೊರಟುಹೋದ.

ಮುಂದಿನ ವಾರ ಸುದ್ದಿ ಬಂತು. ಅವನೇ ಫೋನ್ ಮಾಡಿ ನನಗೆ ಹೇಳಿದ: "ಹೊಳೆಯಾಚೆ ಸಂತ ಬ್ರೆಂಡನ್‌ನವರು ಕರೆದ್ರು. ದೊಡ್ಡ ಬಾಣಲೆ ಅವರದು."

ನಮ್ಮವರು ಕೆಂಡವಾದರು. ಐರಿಷ್ ಚರ್ಚಿಗೆ! ಮೀನಿಗೆ ಉಪ್ಪು ಹಾಕಲೂ ಬಾರದವರ ಮನೆಗೆ! ಆಮೇಲೆ ಲೆಕ್ಕ ಶುರುವಾಯಿತು. ಒಂದು ವಾರ ಬಾಣಲೆ, ಒಂದು ವಾರ ಸಲಾಡ್ ಎಂದಿದ್ದರೆ ಉಳಿಯುತ್ತಿದ್ದನೇ? ಹಾಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದ ಯೂಜೀನ್. ಆದರೆ ಯೂಜೀನ್ ಕರಿದ ಮೀನು ಹೊರಗೆ ಕಪ್ಪು, ಒಳಗೆ ಹಸಿ. ಕೊನೆಗೆ ಬೆರ್ನಾಡೆಟ್ ನನ್ನನ್ನು ಸಂಧಾನಕ್ಕೆ ಅಟ್ಟಿದಳು.

ಸಂತ ಬ್ರೆಂಡನ್‌ನಲ್ಲಿ ಬಾಣಲೆಯ ಮುಂದೆ ಯಾವನೋ ಕೆಂಚುಗೂದಲಿನವನು ನಿಂತಿದ್ದ. ಝಿಗ್ಗಿ ಹಿಂದಿನ ಮೂಲೆಯಲ್ಲಿ, ಮೊಣಕೈವರೆಗೆ ಅಂಗಿಯ ತೋಳು ಮಡಚಿ, ದೊಡ್ಡ ಪಾತ್ರೆಯಲ್ಲಿ ಎಲೆಕೋಸು ಕಲಸುತ್ತಿದ್ದ. ನನ್ನನ್ನು ಕಂಡು ಅವನ ಮುಖ ಇಳಿಯಿತು.

"ದೊಡ್ಡ ಬಾಣಲೆ ಅಂದ್ಯಲ್ಲೋ?"

"ಕೂಗ್ಬೇಡ. ನಾನು ಮೀನು ಕರೀತಿದ್ದೆ ಅಂತ ಇವರಿಗೆ ಗೊತ್ತಿಲ್ಲ."

"ಅಲ್ಲ ಮಾರಾಯ, ಇದನ್ನೇ ನಮ್ಮಲ್ಲಿ ಮಾಡಬಹುದಿತ್ತಲ್ಲ!"

"ಅಲ್ಲಿ ಎಲೆಕೋಸು ಹೆಚ್ಚಿದ್ರೆ ಸಾಲಿನಲ್ಲಿರೋರೆಲ್ಲ 'ಪಾಪ ಝಿಗ್ಗಿ' ಅಂತಾರೆ. ಇಲ್ಲಿ ಸಲಾಡ್ ಚೆನ್ನಾಗಿದೆ ಅಂತಾರೆ." ಪಾತ್ರೆಯಿಂದ ಕೈ ತೆಗೆದ. "ಅಲ್ಲಿ ಹೇಳ್ಬೇಡ ಕಣೋ. ನಿನ್ನ ಕಾಲಿಗೆ ಬೀಳ್ತೀನಿ."

ಜಗಳಗಂಟ ಝಿಗ್ಗಿಯ ಬಾಯಲ್ಲಿ ಆ ಮಾತು ಕೇಳಿ, ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ವಾಪಸು ಬಂದಾಗ ಬೆರ್ನಾಡೆಟ್ ಬಾಗಿಲಲ್ಲೇ ಕಾದಿದ್ದಳು. "ಬರಲ್ಲವಂತೆ. ಬಾಣಲೆ ಮುಂದೆ ನಿಂತಿದ್ದಾನೆ, ಸಾಲು ಬೀದಿಗೆ ಬಂದಿದೆ," ಎಂದೆ.

ಅವಳು ಗಾಬರಿಯಾದಳು. "ಬಾಣಲೆ ಕೊಟ್ರಾ? ಅವನ ಕೈ ನಡುಗುತ್ತೆ ಕಣೋ! ಆವತ್ತು ಕುದಿಯೋ ಎಣ್ಣೆಗೆ ಸೌಟು ಬೀಳಿಸ್ಕೊಂಡ, ನಾನೊಬ್ಬಳೇ ನೋಡಿದ್ದು. ಎಲ್ಲರ ಮುಂದೆ ಅದನ್ನ ಹೇಳೋಕಾಗದೆ ಆ ಬೇಸ್‌ಬಾಲ್ ಮಾತು ಆಡ್ದೆ." ಕೋಟನ್ನು ಕೈಗೆತ್ತಿಕೊಂಡಳು. "ಹೋಗಿ ಆ ಪಾದ್ರಿಗೆ ಹೇಳ್ತೀನಿ. ಸುಟ್ಟುಕೊಂಡ್ರೆ ಯಾರು ಗತಿ?"

ನನಗೆ ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ.

"ನಾನು ಹತ್ತಿರದಿಂದ ನೋಡ್ದೆ, ಬೆರ್ನಾಡೆಟ್. ಕೈ ನಡುಗ್ತಿಲ್ಲ," ಎಂದೆ.

ಅವಳು ಕೋಟನ್ನು ಹಿಡಿದುಕೊಂಡೇ ಬೆಂಚಿನ ಮೇಲೆ ಕೂತಳು.

"ನಡುಗ್ತಿಲ್ವಾ? ಹಾಗಾದ್ರೆ ಸುಮ್ಮಸುಮ್ಮನೆ ಅವನನ್ನ ತೆಗೆದುಬಿಟ್ನಲ್ಲೋ ನಾನು."